ಅರ್ಧ ಗಂಟೆಯ ಬಾಗಿಲು

ನಾನು ಸತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಸುಮ್ಮನೆ ಕೂತಿದ್ದೆ, ಅಷ್ಟೇ. ಹಳ್ಳಿಮೈಸೂರಿನ ಕಡೆ ಯಾರಾದರೂ ನಿಮಗೆ ಬೇರೆ ಥರ ಹೇಳಿದ್ದರೆ ನಂಬಬೇಡಿ.

ಇದಕ್ಕೆಲ್ಲ ಮೂಲ ನನ್ನ ಸೊಸೆ ಶೋಭಾ. ಅಂಗನವಾಡಿ ಟೀಚರು. ಹಾಸನಕ್ಕೆ ತರಬೇತಿಗೆ ಹೋದವಳು ಅಲ್ಲಿಂದ ‘ಸೆಲ್ಫ್ ಕೇರ್’ ಅನ್ನುವುದನ್ನು ಹೊತ್ತುಕೊಂಡು ಬಂದಳು. ದಿನಾ ಅರ್ಧ ಗಂಟೆ ಬಾಗಿಲು ಹಾಕಿಕೊಂಡು, ಕಣ್ಣು ಮುಚ್ಚಿ, ಉಸಿರು ಎಣಿಸುತ್ತ ಕೂರಬೇಕಂತೆ. ಯಾರು ಕರೆದರೂ ಓ ಅನ್ನಬಾರದಂತೆ. ಮನಸ್ಸು ಹಗುರಾಗುತ್ತದಂತೆ.

"ಜೀವಮಾನವೆಲ್ಲ ಬೇರೆಯವ್ರಿಗೇ ದುಡುದ್ರಿ ಅತ್ತೆ. ನಿಮ್ಗೇ ಅಂತ ಒಂದರ್ಧ ಗಂಟೆ ಇಟ್ಕಳಿ" ಅಂದಳು. ಇದನ್ನು ಅವಳು ಒಂದು ಕೈಲಿ ಸಾರು ತಿರುವುತ್ತ, ಇನ್ನೊಂದು ಕೈಲಿ ಫೋನಿನೊಳಗೆ ಮಕ್ಕಳ ತೂಕ ತುಂಬುತ್ತ, ಕಾಲಿನಲ್ಲಿ ಬೆಕ್ಕನ್ನು ತಳ್ಳುತ್ತ ಹೇಳಿದಳು.

ನನ್ನ ಮನಸ್ಸು ಭಾರವಾಗಿದೆ ಅಂತ ಇವಳಿಗೆ ಹೇಳಿದ್ದು ಯಾರು? ನನಗೆ ಬೇಜಾರಾದರೆ ಬೈಯುತ್ತೇನೆ. ಬೈದ ಮೇಲೆ ಹಸಿವಾಗುತ್ತದೆ. ಉಂಡು ಮಲಗುತ್ತೇನೆ. ಆದರೂ ಒಪ್ಪಿದೆ. ಯಾಕೆಂದರೆ ಆ ವಾರ ಶೋಭಾ ಒಲೆ ಮುಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನೋಡಿದ್ದೆ. ಏನೇ ಅಂದರೆ "ಈರುಳ್ಳಿ ಖಾರ ಅತ್ತೆ" ಅಂದಿದ್ದಳು. ಅವತ್ತು ಮನೆಯಲ್ಲಿ ಈರುಳ್ಳಿಯೇ ಇರಲಿಲ್ಲ. ಹೇಳಿದಂತೆ ಕೂತರೆ ಇವಳಿಗಾದರೂ ಸಮಾಧಾನವಾಗಲಿ ಅಂದುಕೊಂಡೆ.

ಭಾನುವಾರ ಬೆಳಗ್ಗೆ ಅವಳು ಡೈರಿಗೆ ಹಾಲು ಹಾಕಲು ಹೋದಾಗ ಮುಹೂರ್ತ ಇಟ್ಟೆ. ಕೋಣೆಯ ಬಾಗಿಲು ಮುಚ್ಚುವಂತಿರಲಿಲ್ಲ. ಮಗ ಮಹೇಶ ಅದಕ್ಕೆ ಅಡ್ಡಲಾಗಿ ರಾಗಿ ಮೂಟೆ ಪೇರಿಸಿದ್ದ. ಅವನು ಹೊಲಕ್ಕೆ ಹೋಗಿದ್ದ. ಹಾಗಾಗಿ ಬೀದಿ ಬಾಗಿಲಿಗೇ ಚಿಲಕ ಹಾಕಿದೆ.

ಎಡವಟ್ಟಾಗಿದ್ದು ಅಲ್ಲೇ. ನಮ್ಮೂರಲ್ಲಿ ಬೀದಿ ಬಾಗಿಲನ್ನು ಹಗಲು ಹೊತ್ತು ಯಾರೂ ಮುಚ್ಚುವುದಿಲ್ಲ. ಎಲ್ಲಿಗಾದರೂ ಹೋದರೆ ಹೊರಗಿನಿಂದ ಬೀಗ. ಒಳಗಿನಿಂದ ಚಿಲಕ ಬಿದ್ದಿದೆ ಅಂದರೆ ಒಳಗೆ ಏನೋ ಆಗಿದೆ ಅಂತಲೇ ಅರ್ಥ.

ಕೂತೆ. ಉಸಿರು ಎಣಿಸಿದೆ. ನಡುವೆ ನಮ್ಮ ಎಮ್ಮೆಯ ನೆನಪಾಗಿ ಎಣಿಕೆ ತಪ್ಪಿತು. ಕೆರೆಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತರೆ ಯಾರು ಕರೆದರೂ ಓ ಅನ್ನದ ಪ್ರಾಣಿ ಅದು. ಯಾವ ತರಬೇತಿಗೆ ಹೋಗಿತ್ತು? ಆದರೆ ಎಮ್ಮೆಗಿರುವ ಒಂದು ಅನುಕೂಲ ನನಗಿರಲಿಲ್ಲ. ಅದಕ್ಕೆ ಪಕ್ಕದ ಮನೆ ನಿಂಗಮ್ಮ ಇಲ್ಲ.

ನಿಂಗಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಿದ್ದಳು. "ಗೌರಕ್ಕಾ!" ಅಂತ ಬಾಗಿಲು ಬಡಿದಳು. ನಾನು ಓ ಅನ್ನಲಿಲ್ಲ. ಅನ್ನಬಾರದಲ್ಲ. "ಗೌರಕ್ಕಾ, ಉಸಾರಾಗಿದ್ದೀಯಾ?" ಆಗಲೂ ಅನ್ನಲಿಲ್ಲ. ಆಮೇಲೆ ಬೀದಿಗೆಲ್ಲ ಕೇಳುವ ಹಾಗೆ ಕೂಗು ಹಾಕಿದಳು: "ಅಯ್ಯೋ, ಗೌರಕ್ಕ ಓಗ್ಬುಟ್ಲು ಕಣ್ರಪ್ಪೋ!"

ಜನ ಸೇರಿದರು. ಎದುರು ಮನೆಯ ಶಿವಣ್ಣ ಏಣಿ ಹಾಕಿ, ಮಾಡು ಹತ್ತಿ, ಹೆಂಚು ತೆಗೆದ. ತಲೆ ಮೇಲೆ ಧೂಳು ಸುರಿಯಿತು. ಕಣ್ಣು ಬಿಟ್ಟರೆ ಮೇಲೆ ಅವನ ಮುಖ.

"ಕಣ್ ಬುಟ್ಲು ಕಣ್ರಲಾ! ಇನ್ನೂ ಜೀವ ಅದೆ!"

"ನಿನ್ ಜೀವ ತೆಗೀತೀನಿ, ಇಳಿಯೋ ಕೆಳಿಕ್ಕೆ! ಆ ಹೆಂಚು ಇದ್ದಂಗೆ ಇಡು ಮದ್ಲು!" ಅಂದೆ.

ಬಾಗಿಲು ತೆಗೆದರೆ ಅರ್ಧ ಊರು ನಿಂತಿತ್ತು. ಒಬ್ಬಳು ಆಗಲೇ ಹೂವಿನ ಹಾರ ತಂದಿದ್ದಳು. ತಂದದ್ದನ್ನು ವಾಪಸ್ ಒಯ್ಯುವುದೇಕೆ ಅಂತ ಒಳಗಿನ ಶಿವನ ಫೋಟೋಗೆ ಹಾಕಿಸಿದೆ.

ಅಷ್ಟರಲ್ಲಿ ಶೋಭಾ ಖಾಲಿ ಕ್ಯಾನು ಹಿಡಿದು ಓಡಿಬಂದಳು. ನನ್ನನ್ನು ನೋಡಿದಳು. ನನ್ನ ತಲೆಯ ಧೂಳು ನೋಡಿದಳು. ಜಗುಲಿ ಮೇಲೆ ಕುಸಿದು ಕೂತು ನಗಲು ಶುರು ಮಾಡಿದಳು. ಆ ನಗು ಯಾವಾಗ ಅಳುವಾಯಿತೋ ಗೊತ್ತಾಗಲಿಲ್ಲ. ಈ ಸಲ ಈರುಳ್ಳಿ ಅನ್ನಲಿಲ್ಲ.

"ಸಾಕಾಗೋಗದೆ ಅತ್ತೆ" ಅಂದಳು.

ನಿಂಗಮ್ಮ ನಮ್ಮ ಒಲೆಯಲ್ಲೇ ಕಾಫಿ ಕಾಯಿಸಿ ತಂದುಕೊಟ್ಟಳು. ಶೋಭಾ ಎರಡು ಗುಟುಕು ಕುಡಿದಿರಬಹುದು, ಹೊಲದಿಂದ ಬಂದ ಮಹೇಶ "ಶೋಭಾ, ನನ್ ಟವಲ್ ಎಲ್ಲೇ?" ಅಂದ. ಲೋಟ ಇಟ್ಟು ಎದ್ದೇಬಿಟ್ಟಳು.

ಆಗ ಹೊಳೆಯಿತು. ಜ್ವರ ಅವಳಿಗೆ, ಕಷಾಯ ಕುಡಿಸಿದ್ದು ನನಗೆ. ತನಗೊಂದು ಅರ್ಧ ಗಂಟೆ ಬೇಕು ಅಂತ ಬಾಯಿಬಿಟ್ಟು ಕೇಳಲು ನಾಚಿಕೆಯಾಗಿ, ನನ್ನ ಹೆಸರಿನಲ್ಲಿ ಕೇಳಿದ್ದಾಳೆ ಹುಡುಗಿ. ತರಬೇತಿಯಲ್ಲಿ ತನ್ನನ್ನು ತಾನು ನೋಡಿಕೊಳ್ಳಬೇಕು ಅಂತ ಹೇಳಿಕೊಟ್ಟವರು, ಆ ಹೊತ್ತಿನಲ್ಲಿ ಬಾಗಿಲು ಕಾಯುವವರು ಯಾರು ಅನ್ನುವುದನ್ನು ಹೇಳಿಕೊಟ್ಟಿಲ್ಲ.

ಮಾರನೆಯ ಬೆಳಗ್ಗೆ ಮಹೇಶನ ಕೈಲೇ ರಾಗಿ ಮೂಟೆ ತೆಗೆಸಿ, ಶೋಭಾಳನ್ನು ಕೋಣೆಯೊಳಕ್ಕೆ ದಬ್ಬಿ, ಬಾಗಿಲು ಎಳೆದುಕೊಂಡೆ. ಬೀದಿ ಬಾಗಿಲನ್ನು ಮಾತ್ರ ಪೂರ್ತಿ ತೆರೆದಿಟ್ಟೆ. ಕೋಣೆ ಬಾಗಿಲಿಗೆ ಬೆನ್ನು ಕೊಟ್ಟು ಅವರೆಕಾಯಿ ಸುಲಿಯುತ್ತ ಕೂತೆ.

"ಅವ್ವಾ, ಕಾಫಿಪುಡಿ ಎಲ್ಲದೆ?" ಅಂತ ಮಹೇಶ ಬಂದ.

"ಉಡುಕು" ಅಂದೆ.

ನಿಂಗಮ್ಮ ಇಣುಕಿದಳು. "ಸೊಸೆ ಎಲ್ಲಕ್ಕಾ?"

"ಒಳಗವ್ಳೆ. ಸತ್ತಿಲ್ಲ. ಶಿವಣ್ಣಂಗೆ ಯೋಳ್ಬುಡು, ಏಣಿ ಮುಟ್ಟಿದ್ರೆ ಕಾಲ್ ಮುರೀತೀನಿ."

ಒಳಗೆ ಉಸಿರು ಎಣಿಸಬೇಕಿದ್ದವಳು ಗೊರಕೆ ಹೊಡೆಯುತ್ತಿದ್ದಳು. ಯಾರಾದರೂ ಒಬ್ಬರು ಎಣಿಸಬೇಕಲ್ಲ. ಅವರೆಕಾಯಿ ಸುಲಿಯುತ್ತ ನಾನೇ ಎಣಿಸಿದೆ.