ಚಹಾ ಕೂಗುತ್ತಿದ್ದ ಚಾಂಪಿಯನ್

"ಅಲ್ರೀ ಅಕ್ಕಾರ, ನಿಮ್ಮ ಯಜಮಾನ್ರು ಅಮೇರಿಕಾಕ್ಕ ಹೋಗಿ ಇಸ್ಪೀಟಿನ್ಯಾಗ ವರ್ಲ್ಡ್ ಕಪ್ ಗೆದ್ದ ಬಂದಿದ್ರಂತ! ಇಷ್ಟ ವರ್ಷ ಬಾಯೇ ಬಿಟ್ಟಿಲ್ಲ ನೋಡ್ರಿ ನೀವು!"

ಹೋದ ವಾರ ಜಮಖಂಡಿಯ ನಮ್ಮ ಓಣಿಯ ಹಿಟ್ಟಿನ ಗಿರಣಿಯಲ್ಲಿ ಶಾಂತವ್ವ ಹೀಗೆ ಕೇಳಿದಾಗ ನನ್ನ ಕೈಯೊಳಗಿನ ಜೋಳದ ಡಬ್ಬಿ ಜಾರುವುದೊಂದು ಬಾಕಿ. ಗಿರಣಿಯ ಸದ್ದಿನಲ್ಲಿ ಆಕೆ ಕೂಗಿಯೇ ಕೇಳಿದ್ದಳು. ಪಾಳಿಯಲ್ಲಿ ನಿಂತವರೆಲ್ಲ ತಿರುಗಿ ನನ್ನನ್ನೇ ನೋಡಿದರು.

ಅಮೇರಿಕಾ? ಮೊಮ್ಮಕ್ಕಳೇ, ನನ್ನ ಯಜಮಾನರು, ಅಂದರೆ ನಿಮ್ಮ ಅಜ್ಜ, ನಿಮ್ಮ ಮುತ್ಯಾ, ರಾಜ್ಯ ದಾಟಿದ್ದೇ ಒಂದು ಸಲ, ಪಂಢರಪುರಕ್ಕೆ. (ಅದೂ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ವಾಂತಿ ಮಾಡಿಕೊಳ್ಳುತ್ತ.)

"ಯಾರ ಹೇಳಿದ್ರವಾ?" ಅಂದೆ.

"ನಿಮ್ಮ ಪಲ್ಲವೀನ. ನಮ್ಮ ಮೊಮ್ಮಗಳಿಗೆ ಮೊಬೈಲ್ಯಾಗ ವಿಡಿಯೋನೂ ತೋರಿಸ್ಯಾಳ. ಕಪ್ಪ ಕನ್ನಡಕ, ಕೊಳ್ಳಾಗ ಪದಕ. ಏನ್ ಪೋಜ್ ಅಂತೀರಿ!"

ಆಗ ತಿಳಿಯಿತು, ಅದು ಯಾವ ವಿಡಿಯೋ ಅಂತ. ತಲೆಯ ಮೇಲಿನ ಸೆರಗು ಇನ್ನೂ ಮುಂದಕ್ಕೆ ಎಳೆದುಕೊಂಡು ಮನೆಗೆ ಬಂದೆ. ಹಿಟ್ಟು ಬೀಸಿಸುವುದೂ ಮರೆತು.

ಪಲ್ಲವಿ ನನ್ನ ಹಿರಿಯ ಮಗನ ಮಗಳು. ಸಾಲಿಯಲ್ಲಿ ಐದನೆಯ ಇಯತ್ತೆ ಓದುತ್ತಾಳೆ. ಮುತ್ಯಾ ಹೋದ ಮೇಲೆ ಹುಟ್ಟಿದವಳು. ಅವಳ ಪಾಲಿಗೆ ಮುತ್ಯಾ ಅಂದರೆ ಎರಡೇ: ಪಡಸಾಲೆಯಲ್ಲಿ ಮಾಲೆ ಹಾಕಿದ ಫೋಟೋ, ಮತ್ತು ಹಳೆಯ ಕ್ಯಾಸೆಟ್ಟಿನಿಂದ ಮೊಬೈಲಿಗೆ ಇಳಿಸಿದ ಆ ವಿಡಿಯೋ. ಫೋಟೋದಲ್ಲಿ ಅವರು ಬಿಗಿದುಕೊಂಡು ಕೂತಿದ್ದಾರೆ. ವಿಡಿಯೋದಲ್ಲಿ ಮಾತಾಡುತ್ತಾರೆ, ಕೆಮ್ಮುತ್ತಾರೆ, ನಗುತ್ತಾರೆ. ಕೂಸು ಯಾವುದನ್ನು ಹಚ್ಚಿಕೊಳ್ಳಬೇಕು, ನೀವೇ ಹೇಳಿ.

ಆದರೆ ಆ ವಿಡಿಯೋದಲ್ಲಿ ಅವರು ಆಡಿದ್ದೆಲ್ಲ ಸುಳ್ಳು! ಅದೊಂದು ಕಾಮಿಡಿ. ಇವಳು ಅದನ್ನೇ ಖರೆ ಅಂತ ನಂಬಿ ಸಾಲಿಯಲ್ಲೆಲ್ಲ ಹೇಳಿದ್ದಾಳೆ. ಒಬ್ಬಳು ಗೆಳತಿ "ಸುಳ್ಳಿ" ಅಂದಳಂತೆ. ಇವಳಿಗೆ ಸಿಟ್ಟು ಬಂತು. ಶನಿವಾರ ಪ್ರಾರ್ಥನೆಯ ಹೊತ್ತಿಗೆ ಮಕ್ಕಳು ತಂತಮ್ಮ ಮನೆಯ ಹಿರಿಯರ ಬಗ್ಗೆ ಮಾತಾಡಬೇಕು. "ಅವತ್ತ ನಮ್ಮ ಆಯಿನ್ನ ಕರಕೊಂಡ ಬರ್ತೀನಿ, ಆಕಿನ ಎಲ್ಲಾರ ಮುಂದ ಹೇಳ್ತಾಳ" ಅಂತ ಪಂಥ ಕಟ್ಟಿ ಬಂದಿದ್ದಾಳೆ.

ಆಯಿ ಅಂದರೆ ನಾನು. ಹಳ್ಳಿ ಸಾಲಿಯಲ್ಲಿ ಓದುವಾಗ ಹಾಜರಿಗೆ "ಇದ್ದೇನ್ರಿ" ಅನ್ನಲಿಕ್ಕೂ ನಾಚಿ ಸುಮ್ಮನೆ ಕೈ ಎತ್ತುತ್ತಿದ್ದವಳು.

ನಾಚಿಕೆಯದ್ದು ಇರಲಿ. ನಾನು ಹೇಳಬೇಕಾದ್ದು ಏನು? ಖರೆ ಹೇಳಿದರೆ ಹುಡುಗಿ ತನ್ನ ಮುತ್ಯಾನನ್ನು ಕಳೆದುಕೊಳ್ಳುತ್ತಾಳೆ. ಸುಳ್ಳು ಹೇಳಿದರೆ ನಾನು ನನ್ನ ಗಂಡನನ್ನು ಕಳೆದುಕೊಳ್ಳುತ್ತೇನೆ.

ಆ ವಿಡಿಯೋದ ಕತೆ ಉಳಿದ ಮೊಮ್ಮಕ್ಕಳಿಗೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಜಮಖಂಡಿಗೆ ಮಗನ ಮನೆಗೆ ನಾನು ಬಂದದ್ದು ಮುತ್ಯಾ ಹೋದ ಮೇಲೆ. ಈ ವಿಡಿಯೋ ತೆಗೆದಾಗ ನಾವು ಇದ್ದದ್ದು ಗಲಗಲಿ ಕಡೆಯ ಹಳೆಯ ಊರಿನಲ್ಲಿ, ಹೊಳೆಯ ದಂಡೆಗೆ. ಡ್ಯಾಮಿನ ನೀರು ಬರುತ್ತದೆ, ಊರು ಬಿಡಬೇಕು ಅಂತ ಆಗಿತ್ತು. ಸಾಹೇಬರು ಬಂದು ಮನೆ ಅಳೆದು ಹೋಗಿದ್ದರು. ನಮ್ಮ ಕೈಯಲ್ಲೂ ಒಂದು ದಾಖಲೆ ಇರಲಿ ಅಂತ ಊರವರು ನನ್ನ ಅಣ್ಣನ ಮಗ ಚಂದ್ರುನನ್ನು ಬನಹಟ್ಟಿಯಿಂದ ಕರೆಸಿದರು. ಅವರ ಮನೆಯಲ್ಲಿ ಎಲ್ಲರೂ ಸೀರೆ ನೇಯುವವರು. ಇವನೊಬ್ಬ ಮದುವೆ ಶೂಟಿಂಗ್ ಅಂತ ಕ್ಯಾಮೆರಾ ಕೊಂಡಿದ್ದ. ಈಗಿನ ಹಾಗೆ ಕಿಸೆಯಲ್ಲಿ ಹಿಡಿಸುವುದಲ್ಲ, ಕರುವನ್ನು ಹೊತ್ತಂತೆ ಹೆಗಲ ಮೇಲೆ ಹೊರಬೇಕು.

ಶೂಟಿಂಗ್ ಹೇಗೆ ಗೊತ್ತೇ? ಮನೆಯ ಯಜಮಾನ ಬಾಗಿಲಲ್ಲಿ ನಿಲ್ಲಬೇಕು. ಕೈಯಲ್ಲಿ ಸಾಲಿ ಹುಡುಗರ ಪಾಟಿ, ಅದರ ಮೇಲೆ ಬರೆದ ಮನೆ ನಂಬರು. ಹೆಸರು ಹೇಳಬೇಕು. ಆಮೇಲೆ ಬೊಟ್ಟು ಮಾಡಿ ತೋರಿಸಬೇಕು. "ಇದು ನಮ್ಮ ಪಡಸಾಲಿ. ಇದು ದನದ ಕೊಟ್ಟಿಗಿ. ಇದು ಲಿಂಬೀ ಗಿಡ, ಕಾಯಿ ಬಿಡತೈತಿ." ಒಬ್ಬರೂ ನಗಲಿಲ್ಲ. ನಗುವಂಥದ್ದು ಏನಿತ್ತು?

ಎಲ್ಲ ಮನೆ ಮುಗಿದವು. ಕ್ಯಾಸೆಟ್ ಇನ್ನೂ ಉಳಿದಿತ್ತು. ಅವತ್ತು ನಾಗರ ಪಂಚಮಿ ಬೇರೆ.

ಪಂಚಮಿ ಅಂದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೆ ಎಳ್ಳು-ಶೇಂಗಾದ ಉಂಡಿ, ಜೋಕಾಲಿ, ಗಂಡಸರಿಗೆ ಇಸ್ಪೀಟು. ನಿಮ್ಮ ಮುತ್ಯಾ, ಕುರಿ ಹಿಂಡಿನ ಬೀರಪ್ಪಣ್ಣ, ಅಂಗಡಿಯ ಮಹಾದೇವಪ್ಪಣ್ಣ, ಬಡಿಗೇರ ಈರಣ್ಣ, ಈ ನಾಲ್ವರದು ಒಂದು ಕಂಪನಿ. ನಮ್ಮ ಮನೆಯ ಮುಂದಿನ ಕಟ್ಟೆ ಮೇಲೆ ಮೂರೆಲೆ ಆಟ. ರೊಕ್ಕ ಇಲ್ಲ, ಹುಣಸೆ ಬೀಜ. ಆದರೂ ಜಗಳ ಮಾತ್ರ ಅಸಲಿ.

ಚಂದ್ರು ಅಂದ, "ಮಾಮಾ, ನಮ್ಮ ಕೇಬಲ್ಯಾಗ ಪೋಕರ್ ಅಂತ ತೋರಸ್ತಾರ. ಇಸ್ಪೀಟಿನ ವರ್ಲ್ಡ್ ಕಪ್. ಕಪ್ಪ ಕನ್ನಡಕ ಹಾಕ್ಕೊಂಡ ಕುಂತಿರ್ತಾರ, ಮಾರಿ ಮ್ಯಾಲ ಏನೂ ತೋರಸಂಗಿಲ್ಲ. ನಾವೂ ಒಂದು ತಗಿಯೂಣೇನು?"

ಅಷ್ಟೇ. ಬರೆದದ್ದಿಲ್ಲ, ಕಲಿತದ್ದಿಲ್ಲ. ಬಾಯಿಗೆ ಬಂದದ್ದೇ ಮಾತು. ಬೀರಪ್ಪಣ್ಣ ಯಾರದೋ ಕೋಟು ತೊಟ್ಟು ಸಾಹೇಬನಾದ. ನಿಮ್ಮ ಮುತ್ಯಾನ ಕೊರಳಿಗೆ ವನಸ್ಪತಿ ಡಬ್ಬಿಯ ಮುಚ್ಚಳ ಬಿತ್ತು. ಬೆಳಿಗ್ಗೆ ಹಿಡಿದ ಅದೇ ಪಾಟಿ ಮತ್ತೆ ಕೈಗೆ ಬಂತು.

"ಹೆಸರು?"

"ವರ್ಲ್ಡ್ ಚಾಂಪಿಯನ್ರಿ."

"ಆಸ್ತಿ?"

"ಎರಡ ಎಕ್ಕಾ, ಒಂದ ರಾಣಿ."

"ರಾಣಿ ಎಲ್ಲಿ ಅದಾಳ?"

"ಒಳಗ ಉಂಡಿ ಕಟ್ಟಾಕತ್ತಾಳ್ರಿ."

"ಎಲ್ಲೆಲ್ಲಿ ಆಡಿ ಬಂದೀರಿ?"

"ಅಮೇರಿಕಾ, ಲಂಡನ್, ಹುನ್ನೂರ."

"ಯಾವದು ಕಠಿಣ?"

"ಹುನ್ನೂರ ರೀ. ಅಲ್ಲಿ ಎಲ್ಲಾರೂ ನಮ್ಮ ಬೀಗರು. ಗೆದ್ದರ ಸಿಟ್ಟಾಗ್ತಾರ."

ಆಮೇಲೆ ಮಹಾದೇವಪ್ಪಣ್ಣ ಎರಡನೆಯ ನಂಬರಿನ ಆಟಗಾರನಾಗಿ ಬಂದು, "ಇಂವನ ಮಾರಿ ಓದಾಕ ಆಗಂಗಿಲ್ರಿ. ಮಾರಿ ಅಲ್ಲ ಅದು, ಕಲ್ಲ" ಅಂದ. ಅನ್ನುತ್ತಲೇ ನಗು ತಡೆಯಲಾರದೆ ಟೊಪ್ಪಿಗೆಯಿಂದ ಬಾಯಿ ಮುಚ್ಚಿಕೊಂಡ.

ಯಾಕೆ ನಕ್ಕ? ಅಲ್ಲೇ ಇದೆ ವಿಷಯ. ಆ ಊರಿನಲ್ಲಿ ಅತಿ ಕೆಟ್ಟ ಆಟಗಾರ ಯಾರಾದರೂ ಇದ್ದರೆ ಅದು ನಿಮ್ಮ ಮುತ್ಯಾ. ಮೂರೆಲೆ ಅಂದರೆ ಎಲೆ ಮುಚ್ಚಿಟ್ಟು ಎದುರಿನವನನ್ನು ಹೆದರಿಸುವ ಆಟ. ಇವರಿಗೆ ಮುಚ್ಚಿಡಲು ಬಂದರಲ್ಲವೇ? ಒಳ್ಳೆಯ ಎಲೆ ಬಂತೋ, ಮನುಷ್ಯನಿಗೆ ಜಗತ್ತಿನ ಮೇಲೆಲ್ಲ ಪ್ರೀತಿ ಉಕ್ಕುತ್ತಿತ್ತು. ಒಳಗೆ ತಿರುಗಿ ಕೂಗುತ್ತಿದ್ದರು: "ಏ, ಕೇಳಿದೇನ? ನಾಕ ಕಪ್ ಚಾ ಇಡ!" ಕೂಗಿದ ಕೂಡಲೇ ಉಳಿದ ಮೂವರೂ ಎಲೆ ಕೆಳಗೆ ಒಗೆದುಬಿಡುತ್ತಿದ್ದರು. ಎರಡು ಎಕ್ಕಾ ಹಿಡಿದುಕೊಂಡು ಇವರು ಒಬ್ಬರೇ. ಗೆದ್ದು ಬಂದದ್ದು ನಾಲ್ಕು ಬೀಜ. ಮುಂದಿನ ಆಟದಲ್ಲಿ ಅವೂ ಹೋಗುತ್ತಿದ್ದವು. ಒಲೆಯ ಮುಂದೆ ಕೂತ ನನಗೂ ಅವರ ಕೈಯೊಳಗಿನ ಎಲೆ ಗೊತ್ತಾಗುತ್ತಿತ್ತು, ನೋಡದೆಯೇ.

ಅವತ್ತೂ ಹಾಗೇ ಆಯಿತು. ಕ್ಯಾಮೆರಾ ನಡೆದಿದೆ. ಕಪ್ಪು ಕನ್ನಡಕ, ಬಿಗಿದ ಮುಖ, ಥೇಟ್ ಚಾಂಪಿಯನ್. ಎಲೆ ಎತ್ತಿ ನೋಡಿದರು. ಮರುಕ್ಷಣ: "ನಾಕ ಕಪ್ ಚಾ ಇಡ! ಚಂದ್ರೂಗೂ ಒಂದು!" ಮೂವರೂ ಎಲೆ ಒಗೆದರು. ಕ್ಯಾಮೆರಾ ಅಲುಗಾಡಿದ್ದು ಈಗಲೂ ಕಾಣುತ್ತದೆ. ಚಂದ್ರು ನಕ್ಕದ್ದು.

ಪಲ್ಲವಿ ಕಂಡದ್ದೇನು? ಚಾಂಪಿಯನ್ ಚಹಾ ಕೇಳಿದ, ಎದುರಾಳಿಗಳೆಲ್ಲ ಹೆದರಿ ಎಲೆ ಚೆಲ್ಲಿದರು!

ಇನ್ನೊಂದು ಇದೆ. ಅದು ನನ್ನದು.

ಮನೆಗಳ ಶೂಟಿಂಗ್ ಮುಗಿದು ತಮಾಷೆ ಶುರುವಾದದ್ದು ಒಳಗಿದ್ದ ನನಗೆ ತಿಳಿದಿರಲಿಲ್ಲ. ಕೋಟು ತೊಟ್ಟವನ ನೆರಳು ಬಾಗಿಲಿಗೆ ಬಂತು. ಮನೆ ಅಳೆದು ಹೋದ ಸಾಹೇಬರೇ ಮತ್ತೆ ಬಂದರು ಅಂದುಕೊಂಡೆ. ಬೆಂಗಳೂರಿನವರಂತೆ ದನಿ ಮಾಡಿ ಬೀರಪ್ಪಣ್ಣ ಕೇಳಿದ, "ತಾಯೀ, ನಿಮ್ಮ ಯಜಮಾನರು ಇಸ್ಪೀಟು ಆಡುತ್ತಾರೆಂದು ಸರ್ಕಾರಕ್ಕೆ ತಿಳಿದುಬಂದಿದೆ. ನಿಜವೇ?"

ಜೂಜುಗಾರ ಅಂತ ಬರೆದುಕೊಂಡರೆ ನಮ್ಮ ಮನೆ ಪರಿಹಾರದ ಲೆಕ್ಕದಿಂದ ಹೋಯಿತು ಅನ್ನಿಸಿತು. ತಲೆ ಎತ್ತಿ ನೋಡಲೂ ಇಲ್ಲ. ಹುಟ್ಟಿದಾಗಿನಿಂದ ಅಷ್ಟು ಮಾತಾಡಿರಲಿಲ್ಲ, ಅಷ್ಟು ಮಾತಾಡಿದೆ.

"ಇಲ್ರೀ ಸಾಹೇಬ್ರ, ಜೂಜ ಅಲ್ರೀ. ಹುಣಸೀ ಬೀಜ ಇಟ್ಟ ಆಡ್ತಾರ್ರಿ. ಅದರಾಗೂ ಬರೇ ಸೋಲತಾರ್ರಿ. ಛಲೋ ಎಲಿ ಬಂದ್ರ ಚಾ ಇಡ ಅಂತಾರ, ಎಲ್ಲಾರಿಗೂ ಗೊತ್ತಾಗಿಬಿಡತೈತ್ರಿ. ಅಂಥವರು ಸರಕಾರಕ್ಕ ಏನ ಮೋಸ ಮಾಡ್ತಾರ್ರೀ? ನಮ್ಮ ಮನಿ ಬರಕೋರಿ. ಅವರ ಹೆಸರಿಲೇನ ಬರಕೋರಿ."

ವಿಡಿಯೋದಲ್ಲಿ ಕಾಣುವುದು ಅರ್ಧ ಬಾಗಿಲು, ಸೆರಗಿನ ಅಂಚು, ಮುಗಿದ ಬಳೆ ಕೈ. ಹೊರಗೆ ನಗುವೋ ನಗು. ಈರಣ್ಣ ಕಟ್ಟೆಯಿಂದ ಕೆಳಗೇ ಉರುಳಿದ. ಒಬ್ಬರು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು, ಕೊರಳಲ್ಲಿ ಮುಚ್ಚಳ ನೇತಾಡುತ್ತಿದ್ದಂತೆ ಬಾಗಿಲಿಗೆ ಬಂದು ನಿಂತರು. "ಸಾಕ ಬಿಡೋ ಬೀರಪ್ಪ. ಆಕಿ ಖರೇನ ಹೆದರ್ಯಾಳ. ಬಂದ್ ಮಾಡೋ ಚಂದ್ರು."

ಅಲ್ಲಿಗೆ ಫಿಲಂ ಮುಗಿಯುತ್ತದೆ.

ಇದನ್ನೆಲ್ಲ ಶುಕ್ರವಾರ ಸಂಜೆ ಪಲ್ಲವಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಮೊಬೈಲಿನಲ್ಲಿ ಅಲ್ಲಲ್ಲಿ ನಿಲ್ಲಿಸಿ, ಒಂದೊಂದಾಗಿ ಹೇಳಿದೆ.

ಅವಳು ಮೊದಲು ನಂಬಲಿಲ್ಲ. "ಆಯಿ, ಎಲ್ಲಾರಕಿಂತ ನಿಂದ ಬೆಸ್ಟ್ ಆ್ಯಕ್ಟಿಂಗ್ ಅಂತ ನಾ ತಿಳದಿದ್ನಿ. ಮುತ್ಯಾ ಚಾಂಪಿಯನ್ ಅನ್ನೂದು ಸರಕಾರಕ್ಕ ಗೊತ್ತಾಗಬಾರದಂತ ನೀ ಸುಳ್ಳ ಹೇಳಾಕತ್ತಿ ಅಂತ!"

(ನೋಡಿದಿರಾ? ಆ ಇಡೀ ಫಿಲಮಿನಲ್ಲಿ ಖರೆ ಮಾತಾಡಿದವಳು ನಾನೊಬ್ಬಳೇ. ನಟನೆಗೆ ಬಹುಮಾನವೂ ನನಗೇ!)

"ಹಂಗಾರ ಅಮೇರಿಕಾ?"

"ಇಲ್ಲವಾ."

"ಲಂಡನ್?"

"ಇಲ್ಲ."

"ಹುನ್ನೂರ?"

"ಹುನ್ನೂರಕ್ಕ ಹೋಗಿದ್ರು. ಅಲ್ಲೀನೂ ಸೋತ ಬಂದ್ರು."

"ಎಲ್ಲಾರೂ ನಗತಾರ. ನಾ ನಾಳೆ ಸಾಲಿಗೆ ಹೋಗಂಗಿಲ್ಲ" ಅಂತ ಗೋಡೆ ಕಡೆ ಹೊರಳಿ ಮಲಗಿದಳು. ನಾನು ಅವಳ ಬೆನ್ನ ಮೇಲೆ ಕೈಯಾಡಿಸುತ್ತ, ನೆನಪಾದದ್ದನ್ನು ಹೇಳುತ್ತ ಹೋದೆ.

ಊರು ಬಿಟ್ಟ ಮೇಲೆ ಪುನರ್ವಸತಿ ಕೇಂದ್ರದಲ್ಲಿ ನಾಲ್ವರಿಗೂ ನಾಲ್ಕು ದಿಕ್ಕಿಗೆ ಜಾಗ ಸಿಕ್ಕಿತ್ತು. ಒಬ್ಬರ ಮನೆಯಿಂದ ಇನ್ನೊಬ್ಬರದು ಕಾಣುತ್ತಿರಲಿಲ್ಲ. ಹೊಸ ರಸ್ತೆಗಳು ಎಲ್ಲ ಒಂದೇ ಥರ. ಮಹಾದೇವಪ್ಪಣ್ಣ ಮೊದಲ ವಾರ ದಾರಿ ತಪ್ಪಿ ಯಾರದೋ ಮನೆಯ ಅಂಗಳಕ್ಕೆ ಹೋಗಿ ಕೂತಿದ್ದ. ಆದರೂ ದಿನಾ ಮೂವರೂ ಹುಡುಕಿಕೊಂಡು ಬರುತ್ತಿದ್ದರು. ಇವರು ಕಬ್ಬಿಗೆ ನೀರು ಬಿಡಲು ಹೋಗಿದ್ದರೆ ಬರುವತನಕ ಕಾಯುತ್ತಿದ್ದರು. ಜ್ವರ ಬಂದು ಮಲಗಿದ್ದರೆ ಅವತ್ತು ಆಟವೇ ಇಲ್ಲ.

ಇವರು ತೀರಿಕೊಂಡ ವರ್ಷದ ಪಂಚಮಿಗೆ ಮೂವರೂ ಬಂದರು. ಉಂಡಿ ಕೊಟ್ಟೆ, ತಿಂದರು. ಇಸ್ಪೀಟು ನಡುವೆಯೇ ಇತ್ತು. ಯಾರೂ ಕಲಸಲಿಲ್ಲ. ಆಮೇಲೆ ಈರಣ್ಣ ಎದ್ದು ಅದನ್ನು ನಮ್ಮ ಮನೆಯ ಗೂಡಿನಲ್ಲಿಟ್ಟು, "ಇಲ್ಲೇ ಇರ್ಲಿ ತಂಗಿ" ಅಂದು ಹೋದ.

ಪಲ್ಲವಿ ಗೋಡೆ ಕಡೆಯಿಂದಲೇ ಕೇಳಿದಳು, "ಮೂರ ಮಂದಿ ಇದ್ರಲ್ಲ. ಆಡಬೋದಿತ್ತಲ್ಲ?"

"ಆಡಬೋದಿತ್ತವಾ. ಆಡಲಿಲ್ಲ."

ಅವಳು ಚಾದರವನ್ನು ಮುಖದ ಮೇಲೆ ಎಳೆದುಕೊಂಡಳು. ನಿದ್ದೆ ಹತ್ತಿತೋ, ವಿಚಾರ ಹತ್ತಿತೋ.

ಶನಿವಾರ ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಂಡು ನನ್ನ ಮುಂದೆ ನಿಂತಳು. "ನಡಿ ಆಯಿ."

"ಏನ ಹೇಳ್ತೀ?"

"ನಾ ಹೇಳ್ತೀನಿ. ನೀ ಬರೇ ನಿಂದ್ರು."

ಸಾಲಿಯ ಮೈದಾನದಲ್ಲಿ ಸಾಲುಸಾಲು ಮಕ್ಕಳು. ನಾನು ಒಂದು ಕಂಬದ ಹಿಂದೆ ಜಾಗ ಹುಡುಕಿಕೊಂಡೆ. ಪಲ್ಲವಿ ಕಟ್ಟೆ ಹತ್ತಿದಳು.

"ನಮ್ಮ ಮುತ್ಯಾ ವರ್ಲ್ಡ್ ಚಾಂಪಿಯನ್ ಅಲ್ಲ. ನಾ ಹೇಳಿದ್ದು ಸುಳ್ಳು. ಆ ವಿಡಿಯೋ ಕಾಮಿಡಿ."

ಹೋ ಅಂತ ನಕ್ಕರು. "ನಾ ಹೇಳಿದ್ನಿಲ್ಲ!" ಅಂತ ಆ ಗೆಳತಿಯ ದನಿಯೂ ಕೇಳಿತು. ನನಗೆ ಓಡಿ ಹೋಗಿ ಕೂಸನ್ನು ಕೆಳಗಿಳಿಸಿಕೊಳ್ಳಬೇಕು ಅನ್ನಿಸಿತು. ಅವಳು ಅಲುಗಲಿಲ್ಲ. ನಗು ಮುಗಿಯುವತನಕ ನಿಂತೇ ಇದ್ದಳು. ಆಮೇಲೆ ಅಂದಳು:

"ನಮ್ಮ ಮುತ್ಯಾ ಯಾವಾಗಲೂ ಸೋಲತಿದ್ದ. ಆದ್ರ ಅಂವ ಬರೂತನಾ ಯಾರೂ ಆಟ ಶುರು ಮಾಡತಿದ್ದಿಲ್ಲ. ಅಂವ ಸತ್ತ ಮ್ಯಾಲ ಅವರು ಆಡೂದ ಬಿಟ್ರು."

ಯಾರೂ ನಗಲಿಲ್ಲ. ಟೀಚರ್ ಕಂಬದ ಕಡೆ ತಿರುಗಿ, "ಖರೇನ್ರೀ ಅಜ್ಜಿ?" ಅಂದರು. ಇಡೀ ಮೈದಾನ ನನ್ನ ಕಡೆ ತಿರುಗಿತು.

"ಖರೆ ರೀ" ಅಂದೆ. ದನಿ ನಾನು ಅಂದುಕೊಂಡಿದ್ದಕ್ಕಿಂತ ಜೋರಾಗಿತ್ತು.

ಹೊರಗೆ ಗೇಟಿನ ಹತ್ತಿರ ತಾಯಂದಿರ ಗುಂಪು. ಯಾರ ಮಗ ಫಸ್ಟ್, ಯಾರ ಮಗಳು ಸೆಕೆಂಡ್, ಯಾವ ಟ್ಯೂಶನ್ ಛಲೋ, ಅದೇ ಮಾತು. ನಿಮ್ಮನ್ನೂ ಗೆಲ್ಲಲಿಕ್ಕೇ ತಯಾರು ಮಾಡುತ್ತಿದ್ದಾರೆ ಮಕ್ಕಳೇ, ಮಾಡಲಿ, ಬೇಡ ಅನ್ನುವವಳು ನಾನಲ್ಲ. ಆದರೆ ಪಲ್ಲವಿಯ ಕೈ ಹಿಡಿದು ಆ ಗುಂಪು ದಾಟುವಾಗ ಒಂದು ಮಾತು ಕೇಳಬೇಕು ಅನ್ನಿಸಿತು. ನಾಚಿಕೆ. ಕೇಳಲಿಲ್ಲ. ಇಲ್ಲಿ ಕೇಳುತ್ತೇನೆ.

ನಗುನಗುತ್ತ ಸೋಲುವವನೊಬ್ಬ ಬಂದು ಎದುರಿಗೆ ಕೂಡದಿದ್ದರೆ, ಈ ಗೆಲ್ಲುವವರೆಲ್ಲ ಯಾರ ಜೊತೆ ಆಡುತ್ತಾರೆ?