ಗಂಗಣ್ಣನ ನರಿಬಾಲ

ಸಂಜೆ ಐದು ಇಪ್ಪತ್ತಕ್ಕೆ ಕರೆಂಟ್ ಬಂತು. ಬರಬೇಕಾಗಿದ್ದುದು ಆರು ಗಂಟೆಗೆ. ಉಳಿದ ಆ ನಲವತ್ತು ನಿಮಿಷವನ್ನು ನಂಬಿಕೊಂಡು ಗಂಗಣ್ಣ ಮೀನಿನ ತೊಟ್ಟಿಯೊಳಗೆ ಮೊಳಕೈವರೆಗೆ ಕೈ ಇಳಿಸಿ ನಿಂತಿದ್ದರು.

ಗಂಗಣ್ಣ ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿನ ಅಟೆಂಡರ್. ಮರಳೂರಿನಲ್ಲಿ ನಮ್ಮ ಪಕ್ಕದ ಮನೆಯವರೂ ಹೌದು. ನಾನಾಗ ಕೊನೇ ವರ್ಷದ ಬಿಎಸ್ಸಿ. ಅವರು ಐವತ್ತು ದಾಟಿದ್ದರೂ ಮದುವೆಯಾಗದ, ಬಲಗೈ ಎಡಗೈಗಿಂತ ಬೆಳ್ಳಗಿದ್ದ ಮನುಷ್ಯ. ನೀರಲ್ಲಿ ನೆನೆದೂ ನೆನೆದೂ ಹಾಗಾಗಿದೆ ಎಂದು ನಮ್ಮಮ್ಮ ಹೇಳುತ್ತಿದ್ದಳು.

ಅವರ ನಡುಮನೆಯಲ್ಲಿ ಕಬ್ಬಿಣದ ಚೌಕಟ್ಟಿನ ಗಾಜಿನ ತೊಟ್ಟಿಯಿತ್ತು. ಮೀನು ನಾಲ್ಕೇ. ಉಳಿದದ್ದೆಲ್ಲ ಒಂದೇ ಗಿಡ. ಬೇರೇ ಇಲ್ಲದೆ ನೀರಿನಲ್ಲಿ ತೇಲಿಕೊಂಡು ಬೆಳೆಯುವ, ಹಸಿರು ಬಾಲದಂಥ ಹಾರ್ನ್‌ವರ್ಟ್. ಗಂಗಣ್ಣ ಅದನ್ನು ನರಿಬಾಲ ಎನ್ನುತ್ತಿದ್ದರು. ಕುಣಿಗಲ್ ಕೆರೆಯಿಂದ ಒಂದೇ ಎಳೆಯನ್ನು ಟಿಫನ್ ಕ್ಯಾರಿಯರಿನ ನೀರಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದರಂತೆ. ಏನು ಸಾರು ಎಂದು ಕಂಡಕ್ಟರ್ ಕೇಳಿದ್ದಕ್ಕೆ ಮುಚ್ಚಳ ತೆಗೆದು ತೋರಿಸಿದರಂತೆ.

ನನಗೂ ಒಂದು ತುಂಡು ಕೊಟ್ಟಿದ್ದರು. ಗಿಡ ಅಂದಮೇಲೆ ನೆಡಬೇಕಲ್ಲ ಎಂದು ನಾನು ಬಾಟಲಿಯ ತಳಕ್ಕೆ ಮರಳು ಹಾಕಿ ಊರಿದೆ. ವಾರದೊಳಗೆ ಬುಡ ಕೊಳೆತು ಎಲೆಯೆಲ್ಲ ಉದುರಿತು. ಗಂಗಣ್ಣ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಯಾಕಮ್ಮ ಸವಿತಾ, ಬದುಕಿರೋದನ್ನೇ ಹೂತ್ಬುಟ್ಟಿದೀಯಲ್ಲ. ತೇಲಕ್ಕೆ ಬುಡು. ಬೆಳಕು ಕೊಡು. ಇನ್ನೇನೂ ಕೇಳಲ್ಲ ಅದು."

ಬೆಳಕು ಕೊಟ್ಟರೆ ಅದು ಬೆಳೆಯುತ್ತಲೇ ಇರುತ್ತಿತ್ತು. ವಾರಕ್ಕೊಮ್ಮೆ ಅರ್ಧ ಕಿತ್ತು ತೆಗೆಯದಿದ್ದರೆ ಮೇಲಿನದು ಚಾಪೆಯಂತೆ ಹಬ್ಬಿ ಕೆಳಗಿನದು ಕತ್ತಲಲ್ಲಿ ಕೊಳೆಯುತ್ತಿತ್ತು. ಆ ಬೆಳಕಿಗೆಂದು ತೊಟ್ಟಿಯ ಮೇಲೆ ಟ್ಯೂಬ್‌ಲೈಟಿನ ಪಟ್ಟಿಯನ್ನು ಅಡ್ಡ ಇಟ್ಟಿದ್ದರು. ಅದರ ವೈರಿಗೆ ನಡುವೆ ಒಂದು ಕಡೆ ಟೇಪ್ ಸುತ್ತಿತ್ತು.

ಲ್ಯಾಬಿನಲ್ಲಿ ಇದೇ ಗಂಗಣ್ಣ ಒಂದು ಪ್ಲಗ್ಗನ್ನು ಮೂರು ಸಲ ನೋಡುತ್ತಿದ್ದರು. ಪ್ರತಿ ಹೊಸ ಬ್ಯಾಚಿಗೂ ಬೋರ್ಡಿನ ಮುಂದೆ ನಿಂತು ಹೇಳುತ್ತಿದ್ದರು: "ಕರೆಂಟ್ ಹಿಡ್ಕೊಂಡೋನ್ನ ಯಾರೂ ಹಿಡ್ಕೋಬೇಡಿ. ಮೊದ್ಲು ಮೇನ್, ಆಮೇಲೆ ಮನುಷ್ಯ." ನಾವು ಹಿಂದಿನ ಬೆಂಚಿನಲ್ಲಿ ಅವರ ದನಿ ಮಾಡಿ ನಗುತ್ತಿದ್ದೆವು.

ಮನೆಯಲ್ಲಿ ಮಾತ್ರ ಅವರೂ ನಮ್ಮ ಬೀದಿಯವರಂತೆಯೇ. ಆ ಬೇಸಿಗೆ ದಿನಾ ನಾಲ್ಕರಿಂದ ಆರು ಲೋಡ್ ಶೆಡ್ಡಿಂಗ್. ಫ್ಯಾನ್ ಒರೆಸುವುದು, ಹೋಲ್ಡರ್ ಬಿಚ್ಚುವುದು ಎಲ್ಲ ಆ ಹೊತ್ತಿನಲ್ಲೇ, ಸ್ವಿಚ್ಚಿನ ಗೋಜಿಗೇ ಹೋಗದೆ. ನರಿಬಾಲ ಕೀಳುವುದೂ ಆಗಲೇ.

ಅವತ್ತು ನಾನು ಅವರ ಹೊಸ್ತಿಲಲ್ಲಿ ಪುಸ್ತಕ ಹಿಡಿದು ಕೂತಿದ್ದೆ, ಕಿತ್ತದ್ದನ್ನು ಬಕೆಟ್ಟಿಗೆ ಹಾಕಿಕೊಳ್ಳಲು. ಅಂಗಿಯ ತೋಳು ಮಡಚುತ್ತಾ ಗಂಗಣ್ಣ ಕೇಳಿದರು, "ಸ್ವಿಚ್ ಆಫಾ?"

"ಆಫ್," ಅಂದೆ. ತಲೆ ಎತ್ತಿರಲಿಲ್ಲ.

ಅವರು ಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು. ಟೇಪ್ ಸುತ್ತಿದ್ದ ವೈರು ಒದ್ದೆ ಚೌಕಟ್ಟಿನ ಮೇಲೆ ಬಿತ್ತು. ಎಡಗೈ ಚೌಕಟ್ಟಿನ ಮೇಲೆ, ಬಲಗೈ ನೀರೊಳಗೆ. ಆಮೇಲೆ ಕರೆಂಟ್ ಬಂದು ತೊಟ್ಟಿಯ ಗಾಳಿಪಂಪು ಗುರ್ ಎಂದಿತು. ಟ್ಯೂಬ್‌ಲೈಟ್ ಎರಡು ಸಲ ಮಿಣುಕಿತು.

ಅವರು ಕೂಗಲಿಲ್ಲ. ಇವತ್ತಿಗೂ ನನ್ನನ್ನು ಹೆದರಿಸುವುದು ಅದೇ. ಹಲ್ಲು ಕಚ್ಚಿಕೊಂಡು ನನ್ನ ಕಡೆಗೇ ನೋಡುತ್ತಿದ್ದರು, ಹಿಡಿಯಲ್ಲಿದ್ದ ನರಿಬಾಲ ನೀರಲ್ಲಿ ಗಡಗಡ ನಡುಗುತ್ತಿತ್ತು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಎಷ್ಟು ಹೊತ್ತು ಹಾಗೆ ಅಂದುಕೊಂಡೆನೋ ಗೊತ್ತಿಲ್ಲ. ಎದ್ದು ಅವರ ಭುಜಕ್ಕೆ ಕೈ ಚಾಚಿದೆ. ಮುಟ್ಟಲು ಒಂದು ಗೇಣು ಉಳಿದಿರುವಾಗ ಅವರದೇ ಮಾತು ಕಿವಿಯಲ್ಲಿ ಕೇಳಿತು. ವರಾಂಡಕ್ಕೆ ಓಡಿದೆ. ಮೇನ್ ಸ್ವಿಚ್ ಎತ್ತರದಲ್ಲಿತ್ತು, ಕೈಗೆ ಎಟುಕಲಿಲ್ಲ. ಮೂಲೆಯಲ್ಲಿದ್ದ ಜೇಡರಬಲೆ ತೆಗೆಯುವ ಬಿದಿರುಗೋಲಿನಿಂದ ಮೊದಲ ಏಟು ಗೋಡೆಗೆ ಹೊಡೆದೆ, ಎರಡನೆಯದೂ ಗೋಡೆಗೆ. ಮೂರನೆಯದಕ್ಕೆ ಮೇನಿನ ಹಿಡಿ ಕೆಳಕ್ಕೆ ಬಿತ್ತು. ಒಳಗೆ ಅವರೂ ಬಿದ್ದ ಸದ್ದಾಯಿತು.

ಉಸಿರಿತ್ತು. ಆಸ್ಪತ್ರೆಯಲ್ಲಿ ಉಳಿಸಿಕೊಂಡರು. ಎಡಗೈಯ ಎರಡು ಬೆರಳು ಮಾತ್ರ ಮತ್ತೆ ಮಡಚಲಿಲ್ಲ. ಗುಬ್ಬಿಯಿಂದ ಅವರಕ್ಕ ಬಂದು ಕರೆದುಕೊಂಡು ಹೋದರು. ಬೀದಿಯವರೆಲ್ಲ ನನ್ನನ್ನು ಹೊಗಳಿದರು. ಆ "ಆಫ್" ಬಗ್ಗೆ ಯಾರಿಗೂ ಹೇಳಲಿಲ್ಲ. ನಿದ್ದೆ ಕೆಟ್ಟಿತು. ಕರೆಂಟ್ ಹೋಗಿ ಬಂದಾಗಲೆಲ್ಲ, ಫ್ಯಾನ್ ಕಿರ್ ಎಂದ ಕೂಡಲೇ, ಎದ್ದು ಕೂತು ಬಿಡುತ್ತಿದ್ದೆ.

ಐದು ತಿಂಗಳ ಮೇಲೆ ಒಂದು ಭಾನುವಾರ ಗುಬ್ಬಿಗೆ ಹೋದೆ. ಹಿತ್ತಲಿನಲ್ಲಿ, ಹಿಂದೆ ದನಗಳಿಗೆ ನೀರಿಡುತ್ತಿದ್ದ ಕಲ್ಲುಬಾನಿಯ ಪಕ್ಕ ಗಂಗಣ್ಣ ಕೂತಿದ್ದರು. ಬಾನಿಯ ತುಂಬ ನರಿಬಾಲ, ಮೇಲೆ ಬಿಸಿಲು. ಸುತ್ತ ಎಲ್ಲೂ ವೈರಿರಲಿಲ್ಲ. ನಾನು ಮೊದಲು ನೋಡಿದ್ದೇ ಅದನ್ನು.

ಹೇಳಿಬಿಟ್ಟೆ. ನೋಡದೇ ಆಫ್ ಅಂದಿದ್ದೆ ಎಂದು.

ಅವರು ನೀರಿನಿಂದ ಒಂದು ಹುಳು ಹೆಕ್ಕಿ ಆಚೆ ಹಾಕಿದರು.

"ಗೊತ್ತು ಕಣಮ್ಮ. ನೀನು ಪುಸ್ತಕದಲ್ಲಿದ್ದೆ. ಸ್ವಿಚ್ ಬೋರ್ಡ್ ನನ್ನ ಮೂಗಿನ ಮುಂದೇನೇ ಇತ್ತಲ್ಲ, ನಾನು ನೋಡಿದ್ನಾ? ಎಲ್ರಿಗೂ ಪಾಠ ಹೇಳ್ದೋನು." ಇನ್ನೊಂದು ಹುಳು ಹೆಕ್ಕಿ ಹಾಕುತ್ತಾ, "ಇನ್ಮೇಲೆ ನೋಡು. ಅಷ್ಟೇಯ," ಅಂದರು.

ಹೊರಡುವಾಗ ಹಳೇ ಟಿಫನ್ ಕ್ಯಾರಿಯರಿನಲ್ಲಿ ಒಂದು ಎಳೆ ಹಾಕಿ ಕೊಟ್ಟರು, ಈ ಸಲವಾದರೂ ಹೂಳಬೇಡ ಎಂದು. ಅದೇ ಕೊನೆ. ಮುಂದಿನ ವರ್ಷ ಜ್ವರದಲ್ಲಿ ತೀರಿಕೊಂಡರೆಂದು ತಿಳಿದಾಗ ನಾನು ಬೇರೆ ಊರಿನಲ್ಲಿ ಪಾಠ ಮಾಡುತ್ತಿದ್ದೆ.

ಆ ಭಾನುವಾರ ಮನೆಗೆ ಬಂದು ಎಳೆಯನ್ನು ಗಾಜಿನ ಜಾಡಿಯಲ್ಲಿ ತೇಲಿಬಿಟ್ಟು ಕಿಟಕಿಯಲ್ಲಿಟ್ಟು ಮಲಗಿದೆ. ರಾತ್ರಿ ಎರಡು ಸಲ ಕರೆಂಟ್ ಹೋಗಿ ಬಂತಂತೆ. ಬೆಳಿಗ್ಗೆ ಅಮ್ಮ ಹೇಳಿದಾಗಲೇ ನನಗೆ ಗೊತ್ತಾದದ್ದು.