ಎರಡು ದಪ್ಪ ಪುಸ್ತಕ, ಒಂದು ಬಿನ್ನವತ್ತಳೆ

ದಪ್ಪ ಪುಸ್ತಕಗಳ ವಿಷಯದಲ್ಲಿ ನನ್ನದು ಹಲಸಿನಹಣ್ಣು ಆರಿಸುವವರ ಪದ್ಧತಿ: ಮೊದಲು ಎತ್ತಿ ನೋಡುವುದು, ಆಮೇಲೆ ತಟ್ಟಿ ನೋಡುವುದು, ಓದುವ ಮಾತು ಕಡೆಗೆ. ಹೋದ ವಾರ ಕೊಪ್ಪದ ಗ್ರಂಥಾಲಯದಲ್ಲಿ ಎರಡು ಚರಿತ್ರೆಗಳನ್ನು ಹೀಗೆ ತೂಗುತ್ತ ನಿಂತಿದ್ದೆ. ಒಂದು, ಮೈಬಣ್ಣ ನೋಡಿ ಮನುಷ್ಯರನ್ನು ವಿಂಗಡಿಸಿದ ಜನಾಂಗಭೇದದ ಚರಿತ್ರೆ. ಇನ್ನೊಂದು, ಹೊಟ್ಟೆಪಾಡಿಗೆ ದೇಶ ಬಿಟ್ಟು ಹೋದ ವಲಸೆಗಾರರದ್ದು. ಶೃಂಗೇರಿಯ ಓದುಗರ ಬಳಗದಲ್ಲಿ ಒಂದರ ಬಗ್ಗೆ ಮಾತಾಡಲು ಒಪ್ಪಿದ್ದೆ. ಆರಿಸುವ ಸ್ವಾತಂತ್ರ್ಯವನ್ನು ನನಗೇ ಬಿಟ್ಟು ಅವರು ಉಪಕಾರದ ಹೆಸರಲ್ಲಿ ಉಪದ್ರವ ಕೊಟ್ಟಿದ್ದರು.

ವಲಸೆ ಬಂದವರ ಮೊಮ್ಮಕ್ಕಳನ್ನೂ ಊರು ‘ಬಂದವರು’ ಎಂದೇ ಕರೆಯುವ ಸಂಗತಿ ಎರಡನೆಯದರಲ್ಲಿ ಕಣ್ಣಿಗೆ ಬಿದ್ದಾಗ ಜೋಸೆಫ್ ಮೇಷ್ಟ್ರು ನೆನಪಾದರು. ನರಸಿಂಹರಾಜಪುರದಲ್ಲೇ ಹುಟ್ಟಿ ಬೆಳೆದು, ಕೊಪ್ಪದ ಹೈಸ್ಕೂಲಿನಲ್ಲಿ ನನ್ನ ಜೊತೆ ಇಪ್ಪತ್ತು ವರ್ಷ ಕನ್ನಡ ಕಲಿಸಿದವರು. ಭಾನುವಾರ ನಮ್ಮ ಜಗಲಿಯಲ್ಲಿ ಕೂತು ಅವರು ಹಳಗನ್ನಡ ಓದುತ್ತಿದ್ದರೆ ಕಾಫಿ ಆರಿದ್ದು ಇಬ್ಬರಿಗೂ ತಿಳಿಯುತ್ತಿರಲಿಲ್ಲ.

ನಿವೃತ್ತರಾಗುವವರಿಗೆ ಸಹೋದ್ಯೋಗಿಯೊಬ್ಬರು ಬಿನ್ನವತ್ತಳೆ ಬರೆದು, ಗಾಜು ಹಾಕಿಸಿ, ವೇದಿಕೆಯಲ್ಲಿ ಓದುವುದು ನಮ್ಮಲ್ಲಿ ರೂಢಿ. ನಾನು ವರ್ಷದ ಹಿಂದೆಯೇ ನಿವೃತ್ತನಾಗಿದ್ದರೂ ಮೇಷ್ಟ್ರದ್ದನ್ನು ಬರೆಯುವ ಭಾಗ್ಯ ನನ್ನದಾಯಿತು. ಸಮಾಸಗಳ ಮದ ತಲೆಗೇರಿ, ‘ದೂರದ ಕೇರಳದಿಂದ ಬಂದು ಕನ್ನಡಾಂಬೆಯ ಮಡಿಲು ಸೇರಿದ ಮಹನೀಯರೇ’ ಎಂದು ಕಂಚಿನ ಕಂಠದಲ್ಲಿ ಓದಿದೆ. ಕೇರಳದಿಂದ ಬಂದವರು ಅವರ ಅಜ್ಜ. ಸಭೆ ಚಪ್ಪಾಳೆ ತಟ್ಟಿತು, ಮೇಷ್ಟ್ರು ಕೈಮುಗಿದರು, ಆಮೇಲೆ ನಮ್ಮ ಜಗಲಿ ಹತ್ತಲಿಲ್ಲ. ನಾಲ್ಕು ವರ್ಷವಾಯಿತು. ಕಾರಣ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇದ್ದೆ. ಆ ಭಾನುವಾರಗಳು ಮಾತ್ರ ನನಗೆ ಮತ್ತೆ ಬೇಕಾಗಿದ್ದವು.

ವಲಸೆಯ ಪುಸ್ತಕವನ್ನೇ ಬಗಲಿಗಿಟ್ಟುಕೊಂಡು ನರಸಿಂಹರಾಜಪುರದ ಬಸ್ಸು ಹತ್ತಿದೆ. ಪುಸ್ತಕದ ನೆಪದಲ್ಲಿ ಮಾತು ತೆಗೆದರೆ ಕ್ಷಮೆ ಕೇಳುವ ಕಷ್ಟ ತಪ್ಪೀತು ಎಂಬ ಪಂಡಿತಬುದ್ಧಿ.

ಮೇಷ್ಟ್ರು ನಾಲ್ಕು ಪುಟ ತಿರುವಿ ಪುಸ್ತಕವನ್ನು ಕೆಳಗಿಟ್ಟರು. “ನಿಮ್ಮ ಅಜ್ಜ ಘಟ್ಟದ ಕೆಳಗಿಂದ ಬಂದೋರಲ್ವಾ ಮಾರಾಯ್ರೆ?”

“ಹೌದು, ಕಾರ್ಕಳದ ಕಡೆಯೋರು,” ಎಂದೆ.

“ನೀವು ನನಗಿಂತ ಒಂದು ವರ್ಷ ಮೊದ್ಲು ರಿಟೈರ್ ಆದ್ರಿ. ನಿಮ್ಮ ಬಿನ್ನವತ್ತಳೆ ಬರೆದಿದ್ದು ನಾನು. ಎಂತ ಬರ್ದಿದ್ದೆ, ನೆನಪಿದ್ಯಾ?”

ನೆನಪಿತ್ತು. ‘ಈ ಮಣ್ಣಿನ ಮಗ’ ಎಂದು ಬರೆದಿದ್ದರು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಶೃಂಗೇರಿಯಲ್ಲಿ ಯಾವ ಪುಸ್ತಕದ ಬಗ್ಗೆ ಮಾತಾಡಬೇಕೆಂಬ ಚಿಂತೆ ಎಲ್ಲಿ ಹೋಯಿತೋ ತಿಳಿಯದು. “ತಪ್ಪಾಯ್ತು ಮೇಷ್ಟ್ರೆ,” ಎಂದೆ.

“ಇಷ್ಟು ಸಣ್ಣ ಮಾತಿಗೆ ನಾಲ್ಕು ವರ್ಷ ತಗೊಂಡ್ರಲ್ಲ,” ಎಂದು ಅವರು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು.